ಅಂಬಾರಿಯ ಪಿಸ್ತೂಲು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕೋವಿಗಳ ವಿಷಯ ಎಲ್ಲಿ ಬಂದರೂ, ಅದು ಕಾಫಿ ತೋಟದ ಬಂಗಲೆಯ ಜಗಲಿಯಾಗಿರಲಿ, ಮದುವೆ ಮನೆಯ ಪಂಕ್ತಿಯಾಗಿರಲಿ, ಕೊನೆಗೆ ಮಾತು ಈ ಗಿಡ್ಡ ಮೂತಿಯ ಜೋಡುನಳಿಗೆ ಪಿಸ್ತೂಲಿಗೆ ಬಂದು ನಿಲ್ಲುತ್ತದೆ. ಹಲವು ವರ್ಷಗಳಿಂದ ಎದುರು ಕೂತು ಕೇಳಿದ ಮತ್ತು ಪತ್ರ ಬರೆದು ಕೇಳಿದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಸುಲಭದವು ಮೊದಲಿಗೆ, ತೊಡಕಿನವು ಆಮೇಲೆ.

## ಮೊದಲ ಪರಿಚಯ

ಹೌದಾ ಪಿಸ್ತೂಲು ಅಂದರೆ ಏನು? ಹೆಸರೇ ವಿಚಿತ್ರವಾಗಿದೆಯಲ್ಲ?

ಕನ್ನಡಿಗರ ಎದುರು ಈ ಹೆಸರು ಹೇಳಿದಾಗಲೆಲ್ಲ ಯಾರಾದರೊಬ್ಬರು ‘ಹೌದಾ?’ ಎಂದು ನಗದೆ ಬಿಡುವುದಿಲ್ಲ. ಆನೆಯ ಬೆನ್ನಿನ ಮೇಲೆ ಕಟ್ಟುವ ಪೀಠಕ್ಕೆ ಹಿಂದೂಸ್ತಾನಿಯಲ್ಲಿ ಹೌದಾ ಎನ್ನುತ್ತಾರೆ. ಅದು ಒಂಟೆಯ ಮೇಲಿನ ಪೀಠಕ್ಕೆ ಅರಬ್ಬಿಯಲ್ಲಿದ್ದ ‘ಹೌದಜ್’ ಎಂಬ ಮಾತಿನಿಂದ ಬಂದದ್ದು. ನಾವು ಅಂಬಾರಿ ಎನ್ನುತ್ತೇವಾದರೂ ದಸರೆಯ ಚಿನ್ನದ ಅಂಬಾರಿಯನ್ನು ಇಲ್ಲಿ ಕಣ್ಣ ಮುಂದೆ ತಂದುಕೊಳ್ಳಬಾರದು. ಅದು ಸುಮಾರು 750 ಕಿಲೋ ತೂಗುವ ಮಂಟಪ. ಬೇಟೆಯ ಹೌದಾ ಎಂದರೆ ಮರದ ಚೌಕಟ್ಟಿಗೆ ಬೆತ್ತ ಹೆಣೆದು ಮಾಡಿದ, ಮೇಲೆ ಸೂರಿಲ್ಲದ, ಮುಂದೆ ಶಿಕಾರಿಗೂ ಹಿಂದೆ ಅವನ ಆಳಿಗೂ ಜಾಗವಿರುವ, ಪಕ್ಕದಲ್ಲಿ ಕೋವಿಗಳನ್ನು ಒರಗಿಸಿಡಲು ತಡಿಕೆಯಿರುವ ಹಗುರವಾದ ತೊಟ್ಟಿಲು. ಆ ತೊಟ್ಟಿಲಿನಲ್ಲಿ ಕುಳಿತವನು, ಗಾಯಗೊಂಡ ಹುಲಿ ಆನೆಯ ಮೈಯೇರಿ ಬಂದರೆ ಕೊನೆಯ ರಕ್ಷಣೆಗೆಂದು ಕೈಯಳತೆಯಲ್ಲಿ ಇಟ್ಟುಕೊಳ್ಳುತ್ತಿದ್ದ ದಪ್ಪ ನಳಿಗೆಯ ಪಿಸ್ತೂಲಿಗೆ ಈ ಹೆಸರು ಅಂಟಿತು. ಹತ್ತೊಂಬತ್ತನೆಯ ಶತಮಾನದ ಆದಿಯಿಂದ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೆ ಅದರ ಕಾಲ. ಬ್ರಿಟಿಷರ ಆಳ್ವಿಕೆಯ ಭಾರತವೇ ಅದರ ಮುಖ್ಯ ನೆಲ.

ಕೈಯಲ್ಲಿ ದೊಡ್ಡ ಕೋವಿ ಇರುವಾಗ ಮತ್ತೊಂದು ಪಿಸ್ತೂಲು ಯಾಕೆ ಬೇಕಿತ್ತು?

ಏಕೆಂದರೆ ದೊಡ್ಡ ಕೋವಿ ದೂರಕ್ಕೆ ಆಗುತ್ತದೆಯೇ ಹೊರತು ಕಾಲಬುಡಕ್ಕೆ ಆಗುವುದಿಲ್ಲ. ಆ ಕಾಲದ ಜೋಡುನಳಿಗೆ ರೈಫಲ್ಲು ಮೀಟರಿಗೂ ಮಿಗಿಲಾದ ಉದ್ದವಿರುತ್ತಿತ್ತು. ಹುಲಿ ಆನೆಯ ಪಕ್ಕೆಗೆ ಉಗುರು ಊರಿ ಹೌದಾದ ಅಂಚಿಗೆ ಮೂತಿ ತಂದಾಗ ಅಷ್ಟುದ್ದದ ನಳಿಗೆಯನ್ನು ಕೆಳಕ್ಕೆ ತಿರುಗಿಸಲು ಚೌಕಟ್ಟೂ ಬಿಡುವುದಿಲ್ಲ, ಜಾಗವೂ ಇರುವುದಿಲ್ಲ. ಅದಲ್ಲದೆ ಆ ಹೊತ್ತಿಗೆ ರೈಫಲ್ಲಿನ ಎರಡು ಈಡೂ ಮುಗಿದಿರುವುದೇ ಹೆಚ್ಚು, ಏಕೆಂದರೆ ಹುಲಿ ಮೇಲೆರಗುವುದು ಸಾಮಾನ್ಯವಾಗಿ ಗುಂಡೇಟು ತಿಂದ ಮೇಲೆಯೇ.

ಸಮಯದ ಲೆಕ್ಕವನ್ನೂ ನೋಡಿ. ನುಗ್ಗಿ ಬರುವ ಹುಲಿಯ ವೇಗ ಗಂಟೆಗೆ 50 ಕಿಲೋಮೀಟರ್ ಎಂದೇ ಇಟ್ಟುಕೊಂಡರೂ ಅದು ಸೆಕೆಂಡಿಗೆ ಸುಮಾರು 14 ಮೀಟರ್ ಆಗುತ್ತದೆ. ಹತ್ತು ಮೀಟರ್ ದೂರದ ಹುಲ್ಲಿನಿಂದ ಎದ್ದ ಹುಲಿ ಆನೆಯನ್ನು ಮುಟ್ಟುವುದಕ್ಕೆ ಒಂದು ಸೆಕೆಂಡೂ ಹಿಡಿಯುವುದಿಲ್ಲ. ಈ ಪಿಸ್ತೂಲಿನ ಗಿಡ್ಡತನ, ದಪ್ಪ, ತೂಕ, ಎರಡು ನಳಿಗೆ ಎಲ್ಲವೂ ಆ ಒಂದು ಸೆಕೆಂಡನ್ನೂ ಆ ಒಂದು ತೋಳಿನ ಅಂತರವನ್ನೂ ಅಳೆದು ಹುಟ್ಟಿದಂಥವು. ಹತ್ತು ಹೆಜ್ಜೆ ಆಚೆಗೆ ಅದರಿಂದ ನಂಬಿಕೆಯ ಗುರಿಯಿಲ್ಲ.

ಹುಲಿ ನಿಜವಾಗಿಯೂ ಆನೆಯ ಮೇಲೆ ಹತ್ತುತ್ತಿತ್ತೇ, ಇಲ್ಲ ಇದೆಲ್ಲ ದೊರೆಗಳ ಬಡಾಯಿಯೇ?

ಬಡಾಯಿಯ ಪಾಲು ದೊಡ್ಡದೇ ಇದೆ, ಆದರೆ ಸಂಗತಿ ಸುಳ್ಳಲ್ಲ. ಪ್ರಾಯದ ಗಂಡು ಹುಲಿ 200 ಕಿಲೋ ಆಚೀಚೆ ತೂಗಿದರೂ ಆನೆಯ ಹೆಗಲಿನ ಎತ್ತರಕ್ಕೆ ನೆಗೆಯುವುದು ಅದಕ್ಕೆ ಅಸಾಧ್ಯವಲ್ಲ. 2004ರಲ್ಲಿ ಅಸ್ಸಾಮಿನ ಕಾಜಿರಂಗದ ಬಳಿ ಊರಿಗೆ ಬಂದಿದ್ದ ಹೆಣ್ಣು ಹುಲಿಯೊಂದನ್ನು ಆನೆಗಳ ಮೇಲೆ ಹೋಗಿ ಸುತ್ತುವರಿದಾಗ, ಅದು ಎತ್ತರದ ಹುಲ್ಲಿನೊಳಗಿಂದ ಚಿಮ್ಮಿ ಆನೆಯ ತಲೆಯನ್ನೂ ದಾಟಿ ಮಾವುತನ ಕೈಗೆ ಪಂಜ ಹಾಕಿದ್ದು ವಿಡಿಯೋದಲ್ಲಿ ಸೆರೆಯಾಗಿದೆ. ಅದನ್ನು ನೋಡಿದವರು ಈ ಪ್ರಶ್ನೆಯನ್ನು ಮತ್ತೆ ಕೇಳುವುದಿಲ್ಲ. ಹುಲ್ಲು ಅಲುಗಿದ್ದು ಕಂಡಿತು ಎನ್ನುವಷ್ಟರಲ್ಲಿ ಹುಲಿ ಗಾಳಿಯಲ್ಲಿರುತ್ತದೆ.

ಆದರೂ ನನ್ನ ಅಭಿಪ್ರಾಯವನ್ನು ಕೇಳಿದರೆ, ಹೌದಾದಲ್ಲಿದ್ದವನಿಗೆ ಹುಲಿಗಿಂತ ದೊಡ್ಡ ಅಪಾಯ ಅವನು ಕುಳಿತಿದ್ದ ಆನೆಯೇ. ಬೆದರಿದ ಆನೆ ಮರಗಳ ನಡುವೆ ಓಡತೊಡಗಿದರೆ ಕೊಂಬೆಗೆ ಸಿಕ್ಕಿ ಹೌದಾ ಪುಡಿಯಾಗುತ್ತದೆ, ಇಲ್ಲವೇ ಹಗ್ಗ ಹರಿದು ಅದು ಪಕ್ಕಕ್ಕೆ ವಾಲುತ್ತದೆ. ಅದಕ್ಕೆ ಯಾವ ಪಿಸ್ತೂಲಿನಲ್ಲೂ ಪರಿಹಾರವಿರಲಿಲ್ಲ.

ಮಾವುತನ ಹತ್ತಿರವೂ ಪಿಸ್ತೂಲು ಇರುತ್ತಿತ್ತೇ?

ಇರುತ್ತಿರಲಿಲ್ಲ. ಆನೆಯ ಕತ್ತಿನ ಮೇಲೆ, ಹುಲಿಯ ನೆಗೆತಕ್ಕೆ ಎಲ್ಲರಿಗಿಂತ ಮೊದಲು ಸಿಗುವ ಜಾಗದಲ್ಲಿ, ಕಿವಿಗಳ ಹಿಂದೆ ಕಾಲು ಸಿಕ್ಕಿಸಿಕೊಂಡು ಕೂತವನ ಕೈಯಲ್ಲಿದ್ದದ್ದು ಅಂಕುಶ ಮಾತ್ರ. ಹಿಂದಿನಿಂದ ದೊರೆ ಹೊಡೆದ ಗುಂಡು ಅವನ ಕಿವಿಯ ಪಕ್ಕದಲ್ಲೇ ಹಾದುಹೋಗಬೇಕಿತ್ತು. ಹೌದಾ ಪಿಸ್ತೂಲಿನ ಬಗ್ಗೆ ಬರೆಯುವವರು ಕೆತ್ತನೆ, ಬೆಳ್ಳಿಯ ತಗಡು, ಮಖಮಲ್ಲಿನ ಪೆಟ್ಟಿಗೆಗಳ ಬಗ್ಗೆ ಪುಟಗಟ್ಟಲೆ ಬರೆದು ಈ ಸಂಗತಿಗೆ ಒಂದು ಸಾಲನ್ನೂ ಮೀಸಲಿಡದಿರುವುದು ನನಗೆ ಯಾವಾಗಲೂ ಕಸಿವಿಸಿ ತರುತ್ತದೆ.

## ಕೋವಿಯ ಒಳಹೊರಗು

ಒಮ್ಮೆ 16 ಬೋರ್ ಅಂತೀರಿ, ಒಮ್ಮೆ .577 ಅಂತೀರಿ. ಲೆಕ್ಕ ಯಾವುದು?

ಎರಡೂ ನಳಿಗೆಯ ಬಾಯಿಯ ಅಳತೆಗಳೇ, ಅಳೆಯುವ ಬಗೆ ಮಾತ್ರ ಬೇರೆ. ಬೋರ್ ಎನ್ನುವುದು ತೂಕದ ಲೆಕ್ಕ: ಒಂದು ಪೌಂಡು, ಎಂದರೆ 454 ಗ್ರಾಂ ಸೀಸದಿಂದ ನಳಿಗೆಗೆ ಸರಿಹೊಂದುವ ಎಷ್ಟು ಗುಂಡು ಎರಕ ಹೊಯ್ಯಬಹುದೋ ಆ ಸಂಖ್ಯೆಯೇ ಬೋರ್. ಹೀಗಾಗಿ ಸಂಖ್ಯೆ ಇಳಿದಂತೆ ನಳಿಗೆ ಹಿರಿದಾಗುತ್ತದೆ. 20 ಬೋರಿನ ನಳಿಗೆಯ ಒಳವ್ಯಾಸ ಸುಮಾರು 15.6 ಮಿಲಿಮೀಟರ್, ಅದರ ಗುಂಡಿನ ತೂಕ ಸುಮಾರು 23 ಗ್ರಾಂ. 16 ಬೋರಿನದು 16.8 ಮಿಲಿಮೀಟರ್ ಮತ್ತು 28 ಗ್ರಾಂ. ನಮ್ಮ ಮಲೆನಾಡಿನ ಮನೆಮನೆಗೂ ಪರಿಚಿತವಾದ 12 ಬೋರಿನದು 18.5 ಮಿಲಿಮೀಟರ್ ಮತ್ತು 38 ಗ್ರಾಂ. ಇನ್ನು .577 ಎನ್ನುವುದು ಅಂಗುಲದ ಸಾವಿರದ ಭಾಗಗಳ ಲೆಕ್ಕ, ಅಂದರೆ ಸುಮಾರು 14.7 ಮಿಲಿಮೀಟರ್. 1866ರಲ್ಲಿ ಬ್ರಿಟಿಷ್ ಸೇನೆ ಸ್ನೈಡರ್ ರೈಫಲ್ಲನ್ನು ಸ್ವೀಕರಿಸಿದ ಮೇಲೆ ಈ ಅಳತೆಯ ತೋಟಾ, ಎಂದರೆ ಮದ್ದು ಗುಂಡು ಒಟ್ಟಿಗಿರುವ ಕಾರ್ಟ್ರಿಡ್ಜು, ಭಾರತದ ದಂಡು ಪ್ರದೇಶಗಳಲ್ಲಿ ಸುಲಭವಾಗಿ ಸಿಗತೊಡಗಿತು. ಪಿಸ್ತೂಲು ಮಾಡುವವರೂ ಅದೇ ಅಳತೆಯ ಹಿಂದೆ ಹೋದರು.

ಇಷ್ಟು ದಪ್ಪ ಏಕೆ ಎಂಬ ಉಪಪ್ರಶ್ನೆ ಇದರ ಜೊತೆಗೇ ಬರುತ್ತದೆ. ಕರಿಮದ್ದು ಗುಂಡಿಗೆ ಕೊಡಬಲ್ಲ ವೇಗಕ್ಕೆ ಒಂದು ಮಿತಿಯಿದೆ, ಅದರಲ್ಲೂ ಒಂದು ಗೇಣು ಉದ್ದದ ನಳಿಗೆಯಲ್ಲಿ ಮದ್ದು ಪೂರ್ತಿ ಉರಿಯುವ ಮೊದಲೇ ಗುಂಡು ಹೊರಗೆ ಬಂದಿರುತ್ತದೆ. ವೇಗ ಹೆಚ್ಚಿಸಲು ದಾರಿಯಿಲ್ಲವಾದಾಗ ಪೆಟ್ಟು ಹೆಚ್ಚಿಸಲು ಉಳಿಯುವುದು ಗುಂಡಿನ ತೂಕ ಮತ್ತು ಅಗಲ. ತೋಳಿನಳತೆಯಲ್ಲಿರುವ ಹುಲಿ ಹತ್ತು ನಿಮಿಷದ ನಂತರ ಸತ್ತರೆ ಶಿಕಾರಿಗೆ ಪ್ರಯೋಜನವಿಲ್ಲ. ಆ ಕ್ಷಣದಲ್ಲಿ ಅದರ ತಲೆಬುರುಡೆಯೋ ಹೆಗಲ ಮೂಳೆಯೋ ಒಡೆದು ಹಿಡಿತ ಸಡಿಲಬೇಕು. ಮೂಳೆ ಒಡೆಯುವ ಕೆಲಸಕ್ಕೆ ನಿಧಾನವಾಗಿ ಬರುವ ಭಾರದ ಸೀಸವೇ ಆ ಕಾಲಕ್ಕೆ ಗೊತ್ತಿದ್ದ ಉಪಾಯ.

ರಿವಾಲ್ವರಿನಲ್ಲಿ ಐದಾರು ಗುಂಡು ಇರುತ್ತಿತ್ತಲ್ಲ, ಎರಡು ನಳಿಗೆಯ ಪಿಸ್ತೂಲೇ ಯಾಕೆ?

ಇದು ನನಗೆ ಬಂದ ಪ್ರಶ್ನೆಗಳಲ್ಲೇ ಒಳ್ಳೆಯದು, ಏಕೆಂದರೆ ಇದರ ಉತ್ತರದಲ್ಲಿ ಆ ಕಾಲದ ತಂತ್ರಜ್ಞಾನವೆಲ್ಲ ಅಡಗಿದೆ. 1850ರ ದಶಕದಲ್ಲಿ ಕೋಲ್ಟ್ ಮತ್ತು ಆಡಮ್ಸ್ ರಿವಾಲ್ವರುಗಳು ಮಾರುಕಟ್ಟೆಗೆ ಬಂದಿದ್ದವು, ನಿಜ. ಆದರೆ ಅವು ಕೇಪಿನ ರಿವಾಲ್ವರುಗಳು. 1807ರಲ್ಲಿ ಅಲೆಕ್ಸಾಂಡರ್ ಫೋರ್ಸೈತ್ ಎಂಬ ಸ್ಕಾಟಿಷ್ ಪಾದ್ರಿ, ಬಡಿದರೆ ಸಿಡಿಯುವ ರಾಸಾಯನಿಕದಿಂದ ಕೋವಿಯ ಮದ್ದನ್ನು ಹೊತ್ತಿಸುವ ವಿಧಾನಕ್ಕೆ ಪೇಟೆಂಟು ಪಡೆದ. ಅದು ಮುಂದೆ ಪುಟ್ಟ ತಾಮ್ರದ ಕೇಪಿನ ರೂಪ ತಳೆಯಿತು. ಹೊಡೆದ ಕೇಪು ಒಡೆದು ಚೂರಾಗಿ ರಿವಾಲ್ವರಿನ ಉರುಳೆ ಮತ್ತು ಚೌಕಟ್ಟಿನ ಸಂದಿಗೆ ಬಿದ್ದರೆ ಉರುಳೆ ತಿರುಗದೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಇನ್ನೂ ಕೆಟ್ಟದ್ದೆಂದರೆ, ಒಂದು ಕೋಣೆಯ ಬೆಂಕಿ ಪಕ್ಕದ ಕೋಣೆಗೆ ಹಬ್ಬಿ ಎರಡು ಮೂರು ಈಡು ಒಟ್ಟಿಗೆ ಹಾರುವ ಸಂಭವವೂ ಇತ್ತು. ಮೇಲಾಗಿ ಗುಂಡುಗಳೂ ಸಣ್ಣವು: ಕೋಲ್ಟ್ ಕಂಪನಿಯ ನೇವಿ ಮಾದರಿಯ ನಳಿಗೆ .36 ಅಂಗುಲದ್ದು, ಅದರ ದುಂಡುಗುಂಡಿನ ತೂಕ ಆರು ಗ್ರಾಮನ್ನೂ ಮುಟ್ಟುವುದಿಲ್ಲ.

ಜೋಡುನಳಿಗೆ ಪಿಸ್ತೂಲಿನಲ್ಲಿ ಪ್ರತಿ ನಳಿಗೆಗೂ ಪ್ರತ್ಯೇಕ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ), ಪ್ರತ್ಯೇಕ ಸ್ಪ್ರಿಂಗು, ಪ್ರತ್ಯೇಕ ಟ್ರಿಗರ್ ಇರುತ್ತಿತ್ತು. ಅದನ್ನು ಒಂದೇ ಹಿಡಿಗೆ ಜೋಡಿಸಿದ ಎರಡು ಪಿಸ್ತೂಲು ಎಂದೇ ತಿಳಿಯಬಹುದು. ಬಲಗಡೆಯದು ಕೈಕೊಟ್ಟರೂ ಎಡಗಡೆಯದಕ್ಕೆ ಅದರ ಗೊಡವೆಯಿಲ್ಲ. ಒಂದೇ ಸೆಕೆಂಡು ಸಿಗುವಲ್ಲಿ ಆರು ಸಂಶಯದ ಗುಂಡಿಗಿಂತ ಎರಡು ನಂಬಿಕೆಯ ಗುಂಡು ಮೇಲು ಎಂದು ಅನುಭವಸ್ಥರು ಲೆಕ್ಕ ಹಾಕಿದ್ದರು.

ಇದನ್ನು ಹೊಡೆದವನ ಕೈ ಮುರಿಯುತ್ತಿರಲಿಲ್ಲವೇ?

ಮುರಿಯುತ್ತಿರಲಿಲ್ಲ, ಆದರೆ ಮರೆಯುತ್ತಲೂ ಇರಲಿಲ್ಲ. ಸರಳವಾಗಿ ಲೆಕ್ಕ ಹಾಕೋಣ. 28 ಗ್ರಾಮಿನ ಗುಂಡು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ, 1.7 ಕಿಲೋ ತೂಕದ ಪಿಸ್ತೂಲು ಸೆಕೆಂಡಿಗೆ ಮೂರು ಮೀಟರಿಗೂ ಹೆಚ್ಚು ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ. ಹೆಗಲಿಗೆ ಒರಗಿಸಿದ 12 ಬೋರಿನ ಕೋವಿಯ ಒದೆತ ಇದಕ್ಕಿಂತ ಜೋರಾಗಿರುತ್ತದೆ, ಆದರೆ ಅಲ್ಲಿ ಅದನ್ನು ಇಡೀ ಮೈ ತಾಳಿಕೊಳ್ಳುತ್ತದೆ. ಇಲ್ಲಿ ಮಣಿಕಟ್ಟೊಂದೇ ತಾಳಬೇಕು. ಹಾಗಾಗಿಯೇ ತಯಾರಕರು ಪಿಸ್ತೂಲನ್ನು ಹಗುರ ಮಾಡುವ ಗೋಜಿಗೆ ಹೋಗಲಿಲ್ಲ.

ಚಿಕ್ಕಮಗಳೂರಿನ ಕಡೆಯ ಹಳೆಯ ತೋಟವೊಂದರಲ್ಲಿ ಇಂಥದ್ದೊಂದನ್ನು ಮೊದಲ ಸಲ ಕೈಗೆತ್ತಿಕೊಂಡಾಗ ನನಗೆ ಆಶ್ಚರ್ಯವಾದದ್ದು ತೂಕಕ್ಕಲ್ಲ, ತೂಕ ಕುಳಿತ ಜಾಗಕ್ಕೆ. ಹಿಡಿ ಹಿಂದಕ್ಕೆ ಬಾಗಿದ್ದು, ಅಂಗೈಯಲ್ಲಿ ಅದು ತಾನಾಗಿಯೇ ಮುಂದಕ್ಕೆ ವಾಲಿ ಕೆಳಕ್ಕೆ ಗುರಿ ಹಿಡಿಯುತ್ತಿತ್ತು, ಆನೆಯ ಪಕ್ಕೆಯ ಕಡೆಗೆ ನೋಡುವಂತೆ. ಕುದುರೆಯನ್ನು ಹೆಬ್ಬೆರಳಿನಿಂದ ಎಳೆದಾಗ ಅರ್ಧಕ್ಕೆ ಒಂದು, ಪೂರ್ತಿಗೆ ಇನ್ನೊಂದು ‘ಟಕ್’ ಸದ್ದು. ನೂರೈವತ್ತು ವರ್ಷದ ಸ್ಪ್ರಿಂಗು ಇನ್ನೂ ಬಿಗಿಯಾಗಿತ್ತು. ಎಡಮಗ್ಗುಲಿಗೆ ಸೊಂಟಪಟ್ಟಿಗೆ ಸಿಕ್ಕಿಸುವ ಉಕ್ಕಿನ ಕೊಕ್ಕೆ ಇತ್ತು, ಅದರ ಒಳಮೈ ಚರ್ಮಕ್ಕೆ ತಿಕ್ಕಿ ತಿಕ್ಕಿ ಹೊಳೆಯುತ್ತಿತ್ತು. ನಳಿಗೆಯೊಳಗೆ ಮಾತ್ರ ಸವೆತವೇ ಇರಲಿಲ್ಲ. ಹೊತ್ತು ತಿರುಗಿದ್ದು ಬಹಳ, ಹಾರಿಸಿದ್ದು ಅತ್ಯಲ್ಪ: ನಾನು ನೋಡಿದ ಇಂಥ ಪಿಸ್ತೂಲುಗಳಲ್ಲೆಲ್ಲ ಇದೇ ಕಥೆ.

ಉದ್ದ ಕೋವಿಯ ನಳಿಗೆ ಕತ್ತರಿಸಿದರೆ ಇದೇ ಆಗುತ್ತದಲ್ಲವೇ?

ಶುರುವಾದದ್ದೇ ಹಾಗೆ. ಮೊದಲ ಹೌದಾ ಪಿಸ್ತೂಲುಗಳು ಕೆಟ್ಟುಹೋದ ಅಥವಾ ಹಳತಾದ ಜೋಡುನಳಿಗೆ ರೈಫಲ್ಲುಗಳ ಮುಂಭಾಗವನ್ನೂ ಹೆಗಲಿಗೆ ಒರಗಿಸುವ ಹಿಮ್ಮಡಿಯನ್ನೂ ಗರಗಸದಿಂದ ಕತ್ತರಿಸಿ ಮಾಡಿಕೊಂಡಂಥವು. ಹುಲಿಯ ಮೂತಿಗೆ ಒತ್ತಿ ಹೊಡೆಯುವ ಕೋವಿಗೆ ಗುರಿಕಡ್ಡಿ ಅಷ್ಟೊಂದು ಮುಖ್ಯವಾಗಿರಲಿಲ್ಲ. ಆದರೆ ಕತ್ತರಿಸಿದ ಕೋವಿಯಲ್ಲಿ ತೂಕವೆಲ್ಲ ಹಿಂದಕ್ಕೆ ಸರಿದು, ಒದೆತಕ್ಕೆ ಮೂತಿ ಆಕಾಶ ನೋಡುತ್ತಿತ್ತು. ಹಿಡಿಯೂ ಕೈಗೆ ಹೊಂದುತ್ತಿರಲಿಲ್ಲ. ಈ ಕೊರತೆಗಳನ್ನು ನೀಗಿಸಲೆಂದೇ ಇಂಗ್ಲೆಂಡಿನ ಕಮ್ಮಟಗಳು ಮೊದಲಿನಿಂದಲೂ ಪಿಸ್ತೂಲಾಗಿಯೇ ರೂಪಿಸಿದ ಜೋಡುನಳಿಗೆಗಳನ್ನು ಮಾಡತೊಡಗಿದವು. ಇವತ್ತು ಯಾರಾದರೂ ಗರಗಸ ಹಿಡಿಯುವ ಯೋಚನೆಯಲ್ಲಿದ್ದರೆ ಒಂದು ಮಾತು: ಪರವಾನಗಿಯಿಲ್ಲದೆ ಕೋವಿಯ ನಳಿಗೆ ಗಿಡ್ಡ ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೆಯ ಕಲಮಿನ ಪ್ರಕಾರ ಅಪರಾಧ.

## ಮಾಡಿದವರು, ಮಾರಿದವರು

ಇವನ್ನು ಯಾರು ಮಾಡುತ್ತಿದ್ದರು? ನಮ್ಮ ದೇಶದಲ್ಲೂ ಆಗುತ್ತಿತ್ತೇ?

ಲಂಡನ್ ಮತ್ತು ಬರ್ಮಿಂಗ್‌ಹ್ಯಾಮಿನ ಕೋವಿ ತಯಾರಕರು ಮುಂಚೂಣಿಯಲ್ಲಿದ್ದರು. ವೆಸ್ಟ್ಲಿ ರಿಚರ್ಡ್ಸ್, ವಿಲ್ಕಿನ್ಸನ್, ಹಾಲೆಂಡ್ ಅಂಡ್ ಹಾಲೆಂಡ್ ಹೆಸರುಗಳು ಸಂಗ್ರಹಕಾರರ ಬಾಯಲ್ಲಿ ಸದಾ ಕೇಳಿಬರುತ್ತವೆ. ಬೆಲ್ಜಿಯಮ್ಮಿನ ಲೀಜ್ ಪಟ್ಟಣದಿಂದ ಅಗ್ಗದವೂ ಬಂದವು, ಫ್ರಾಂಕೋಟ್‌ನಂಥವರ ಉತ್ತಮ ದರ್ಜೆಯವೂ ಬಂದವು. ಮಾರಾಟದ ಕೇಂದ್ರ ಮಾತ್ರ ಕಲ್ಕತ್ತಾ. ಅಲ್ಲಿನ ಮ್ಯಾಂಟನ್ ಮತ್ತು ರೊಡ್ಡಾ ಅಂಗಡಿಗಳು ವಿಲಾಯತಿಯ ಮಾಲು ತರಿಸಿ ತಮ್ಮ ಹೆಸರು ಕೆತ್ತಿಸಿ ಮಾರುತ್ತಿದ್ದವು. ನಳಿಗೆಯ ಪಟ್ಟಿಯ ಮೇಲೆ ಕಲ್ಕತ್ತಾ ಎಂದಿದ್ದ ಮಾತ್ರಕ್ಕೆ ಅದು ಕಲ್ಕತ್ತಾದಲ್ಲೇ ಆದದ್ದೆಂದು ತಿಳಿಯಬೇಕಾಗಿಲ್ಲ. ರೊಡ್ಡಾ ಹೆಸರು ಇತಿಹಾಸದಲ್ಲಿ ಉಳಿದದ್ದು ಮಾತ್ರ ಬೇರೆಯದೇ ಕಾರಣಕ್ಕೆ: 1914ರ ಆಗಸ್ಟ್ 26ರಂದು ಆ ಕಂಪನಿಗೆ ಬಂದ ಸರಕಿನಿಂದ 50 ಮೌಸರ್ ಪಿಸ್ತೂಲುಗಳನ್ನೂ 46,000 ತೋಟಾಗಳನ್ನೂ ಬಂಗಾಳದ ಕ್ರಾಂತಿಕಾರಿಗಳು ಎತ್ತಿನ ಗಾಡಿಯಲ್ಲಿ ಸಾಗಿಸಿಬಿಟ್ಟರು. ಹುಲಿಗೆ ಹೆದರಿದ ಸಾಹೇಬರಿಗೆ ಪಿಸ್ತೂಲು ಮಾರುತ್ತಿದ್ದ ಅಂಗಡಿಯ ಸರಕೇ ಸಾಹೇಬರ ವಿರುದ್ಧ ತಿರುಗಿತು.

ತಯಾರಿಕೆಯಲ್ಲಿ ತೀರಾ ಜಾಣತನದ್ದೆಂದರೆ 1880ರ ದಶಕದ ಲಂಕಾಸ್ಟರ್ ಪಿಸ್ತೂಲು. ಎರಡರ ಮೇಲೆರಡು ಎಂಬಂತೆ ನಾಲ್ಕು ನಳಿಗೆ. ಹೊರಗೆ ಕುದುರೆಯೇ ಇಲ್ಲ. ಟ್ರಿಗರ್ ಒತ್ತಿದಾಗಲೆಲ್ಲ ಒಳಗಿನ ಬಡಿಗೆ ಕಾಲುಸುತ್ತು ತಿರುಗಿ ಮುಂದಿನ ತೋಟಾಕ್ಕೆ ಬಡಿಯುತ್ತದೆ. ನಳಿಗೆಯೊಳಗೆ ಗುಂಡನ್ನು ತಿರುಗಿಸಿ ಬಿಡುವ ಸುರುಳಿಗೀರುಗಳ ಬದಲು, ತುಸುವೇ ಮೊಟ್ಟೆಯಾಕಾರದ ತೂತು ತಿರುಚಿಕೊಂಡು ಹೋಗುತ್ತದೆ. ಬೇಟೆಗಾರರಿಗಿಂತ ಸೇನಾಧಿಕಾರಿಗಳು ಇದನ್ನು ಹೆಚ್ಚು ಮೆಚ್ಚಿದರು.

ನಳಿಗೆಯ ಮೇಲೆ ಹಾವಿನ ಮೈಯಂಥ ಗೆರೆಗಳಿವೆ, ಡಮಾಸ್ಕಸ್ ಅಂತಾರೆ. ಅದು ನಮ್ಮ ಕಡೆಯ ಉಕ್ಕೇ ತಾನೇ?

ಹೆಮ್ಮೆಯಿಂದ ಕೇಳುವ ಪ್ರಶ್ನೆ, ಅರ್ಧ ಮಾತ್ರ ನಿಜ. ಡಮಾಸ್ಕಸ್ ಖಡ್ಗಗಳಿಗೆ ಹೆಸರು ತಂದ ಮೂಸೆಯುಕ್ಕು ದಕ್ಷಿಣ ಭಾರತದ್ದು. ಯುರೋಪಿನವರು ಅದನ್ನು ‘ವೂಟ್ಸ್’ ಎಂದು ಕರೆದದ್ದು ನಮ್ಮ ‘ಉಕ್ಕು’ ಎಂಬ ಮಾತು ಅವರ ಬಾಯಲ್ಲಿ ಕೆಟ್ಟು ಆದದ್ದೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಆದರೆ ಕೋವಿಯ ಡಮಾಸ್ಕಸ್ ನಳಿಗೆ ಬೇರೆ ವಿದ್ಯೆ. ಕಬ್ಬಿಣದ ಮತ್ತು ಉಕ್ಕಿನ ಸರಳುಗಳನ್ನು ಒಟ್ಟಿಗೆ ಕಾಯಿಸಿ, ಹುರಿಯಂತೆ ಹೊಸೆದು, ಆ ಪಟ್ಟಿಯನ್ನು ಕಂಬಿಯೊಂದಕ್ಕೆ ಸುರುಳಿ ಸುತ್ತಿ, ಬಡಿದು ಬೆಸೆದು ನಳಿಗೆ ಮಾಡುತ್ತಿದ್ದರು. ಆಮೇಲೆ ಆಮ್ಲದಿಂದಲೂ ಹದವಾದ ತುಕ್ಕಿನಿಂದಲೂ ಅದಕ್ಕೆ ಕಂದು ಬಣ್ಣ ಬರಿಸಿದಾಗ ಕಬ್ಬಿಣ ಒಂದು ಛಾಯೆ, ಉಕ್ಕು ಇನ್ನೊಂದು ಛಾಯೆ ಪಡೆದು ಗೆರೆಗಳು ಎದ್ದು ಕಾಣುತ್ತವೆ. ಮೂಸೆಯುಕ್ಕಿನಲ್ಲಿ ಗೆರೆ ಲೋಹದೊಳಗಿನಿಂದ ತಾನಾಗಿ ಮೂಡುತ್ತದೆ, ಇಲ್ಲಿ ಕಮ್ಮಾರ ಮೂಡಿಸುತ್ತಾನೆ.

## ಕನ್ನಡ ನಾಡಿನ ಸಂಬಂಧ

ಮೈಸೂರು ಮಹಾರಾಜರ ಹುಲಿ ಬೇಟೆಯಲ್ಲೂ ಇದನ್ನು ಬಳಸುತ್ತಿದ್ದರೇ?

ಹೌದಾ ಬೇಟೆ ಮುಖ್ಯವಾಗಿ ಹುಲ್ಲುಗಾವಲಿನ ಬೇಟೆ. ನೇಪಾಳದ ತರಾಯಿ, ಬಂಗಾಳ, ಅಸ್ಸಾಮುಗಳಲ್ಲಿ ಆಳೆತ್ತರಕ್ಕೂ ಮಿಗಿಲಾಗಿ ಬೆಳೆಯುವ ಹುಲ್ಲಿನೊಳಗೆ ಹುಲಿಯನ್ನು ಕಾಣಬೇಕಾದರೆ ಆನೆಯ ಎತ್ತರ ಬೇಕೇ ಬೇಕು. 1911ರ ದೆಹಲಿ ದರ್ಬಾರಿನ ನಂತರ ಐದನೆಯ ಜಾರ್ಜ್ ದೊರೆ ತರಾಯಿಗೆ ಹೋದಾಗ ನೂರಾರು ಆನೆಗಳಿಂದ ಬಳಸಿ ಸುತ್ತುಗಟ್ಟಿ 39 ಹುಲಿಗಳನ್ನು ಕೊಂದದ್ದು ಈ ಬಗೆಯ ಬೇಟೆಯ ತುತ್ತತುದಿ.

ಮೈಸೂರು ಸೀಮೆಯ ಕಾಡು ಬೇರೆ. ಗುಡ್ಡ, ಕಣಿವೆ, ಬಿದಿರು ಮೆಳೆ, ತೇಗ ಮತ್ತಿ ಮರಗಳ ತಗ್ಗಿದ ಕೊಂಬೆಗಳ ನಡುವೆ ಹೌದಾ ಕಟ್ಟಿದ ಆನೆ ನುಸುಳುವುದೇ ಕಷ್ಟ. ಇಲ್ಲಿ ಮರದ ಮೇಲೆ ಅಟ್ಟಣೆ ಕಟ್ಟಿ ಕೂರುವುದು, ಸೋಹಿನವರಿಂದ ತಮಟೆ ಬಾರಿಸಿ ಹುಲಿಯನ್ನು ಎಬ್ಬಿಸುವುದು, ಊರವರೆಲ್ಲ ಸೇರಿ ದಪ್ಪ ಹಗ್ಗದ ಬಲೆ ಕಟ್ಟಿ ಈಟಿಯಿಂದ ತಿವಿಯುವುದು ರೂಢಿ. 1870ರ ದಶಕದಲ್ಲಿ ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್ಸನ್ ನೆಚ್ಚಿಕೊಂಡದ್ದು ನಾಲ್ಕು ಬೋರಿನ, ಎಂದರೆ 113 ಗ್ರಾಮಿನ ಗುಂಡು ಹಾರಿಸುವ ಹೆಗಲ ಕೋವಿಯನ್ನು. ಕೊಡಗಿನಲ್ಲಂತೂ ಹುಲಿ ಕೊಂದವನನ್ನು ಮದುಮಗನಂತೆ ಸಿಂಗರಿಸಿ ‘ನರಿ ಮಂಗಲ’ ಮಾಡುತ್ತಿದ್ದರು. ಕೊಡವ ಮಾತಿನಲ್ಲಿ ನರಿ ಎಂದರೆ ಹುಲಿ. ಅಲ್ಲಿ ಆನೆಯೂ ಇಲ್ಲ, ಹೌದಾವೂ ಇಲ್ಲ. ಆದ್ದರಿಂದ ನಮ್ಮ ಕಡೆ ಸಿಗುವ ಹೌದಾ ಪಿಸ್ತೂಲುಗಳಲ್ಲಿ ಹೆಚ್ಚಿನವು ತೋಟಗಾರ ದೊರೆಗಳ ಮತ್ತು ದಂಡಿನ ಅಧಿಕಾರಿಗಳ ಸಾಮಾನಿನೊಂದಿಗೆ ಬಂದಂಥವೆಂದು ನಾನು ತಿಳಿದಿದ್ದೇನೆ. ಅವರು ಅವನ್ನು ಹುಲಿಗೆಂದು ಕೊಂಡು ಕಳ್ಳರ ಭಯಕ್ಕೆ ದಿಂಬಿನ ಕೆಳಗೆ ಇಟ್ಟಿರಬೇಕು.

ಟಿಪ್ಪುವಿನ ಪಿಸ್ತೂಲುಗಳೂ ಇದೇ ಜಾತಿಯವೇ?

ಅಲ್ಲ. ಟಿಪ್ಪು ಸುಲ್ತಾನ್ 1799ರಲ್ಲಿ ಮಡಿದ. ಅವನ ಶ್ರೀರಂಗಪಟ್ಟಣದ ಕಾರ್ಖಾನೆಯ ಕೋವಿಗಳೆಲ್ಲ ಚಕಮಕಿ ಕಲ್ಲಿನವು. ಹುಲಿಯ ಪಟ್ಟೆ, ಹುಲಿಯ ಮುಖ ಅವುಗಳ ಮೇಲೆ ಧಾರಾಳವಾಗಿರುವುದರಿಂದ ಜನ ಹುಲಿ ಬೇಟೆಗೆ ತಳಕು ಹಾಕುತ್ತಾರೆ, ಆದರೆ ಆ ಹುಲಿ ರಾಜಲಾಂಛನ. ಅವನ ಪಿಸ್ತೂಲು ಜೋಡಿಗಳ ನಿಜವಾದ ವಿಶೇಷ ಬೇರೆ: ಒಂದರ ಬೀಗ, ಎಂದರೆ ಕಿಡಿ ಹೊತ್ತಿಸುವ ಯಂತ್ರ, ಬಲಕ್ಕೆ, ಇನ್ನೊಂದರದು ಎಡಕ್ಕೆ, ಕನ್ನಡಿಯ ಬಿಂಬದಂತೆ ಮಾಡಿದ ಜೋಡಿಗಳು ಅದರಲ್ಲಿವೆ.

## ಕೈಯಲ್ಲಿ ಒಂದಿರುವವರಿಗೆ

ನನ್ನ ಹತ್ತಿರ ಇರುವುದು ಅಸಲಿಯೋ ನಕಲಿಯೋ ಹೇಗೆ ತಿಳಿಯಲಿ?

ಮೊದಲು ಮೂತಿಯನ್ನು ಎದುರಿನಿಂದ ನೋಡಿ. ಜೋಡುನಳಿಗೆ ಕೋವಿಯಲ್ಲಿ ಎರಡು ನಳಿಗೆಗಳು ಹಿಂದಿನಿಂದ ಮುಂದಕ್ಕೆ ಬರುತ್ತ ತೆಳುವಾಗಿ ಒಂದಕ್ಕೊಂದು ಹತ್ತಿರ ಸರಿಯುತ್ತವೆ. ಉದ್ದ ಕೋವಿಯನ್ನು ನಡುವೆ ಕತ್ತರಿಸಿದ್ದರೆ ಮೂತಿಯಲ್ಲಿ ನಳಿಗೆಗಳ ನಡುವೆ ತ್ರಿಕೋನದ ಟೊಳ್ಳು ಕಾಣುತ್ತದೆ, ಅಥವಾ ಅದನ್ನು ಮುಚ್ಚಲು ತುಂಬಿದ ಸೀಸದ ಬೆಸುಗೆ ಕಾಣುತ್ತದೆ. ಪಿಸ್ತೂಲಾಗಿಯೇ ಹುಟ್ಟಿದ್ದರಲ್ಲಿ ಮೂತಿಯ ಅಂಚು ಅಚ್ಚುಕಟ್ಟಾಗಿ ಮುಗಿದಿರುತ್ತದೆ. ಕೇಪಿನ ಕಾಲದ್ದಾದರೆ ಕಳೆದುಹೋಗದಂತೆ ಕೀಲು ಹಾಕಿ ಬಂಧಿಸಿದ ಗಜ, ಎಂದರೆ ಮದ್ದು ಗುಂಡುಗಳನ್ನು ಒಳಕ್ಕೆ ದೂಡುವ ಸರಳು, ನಳಿಗೆಯ ಕೆಳಗೆ ಇರುತ್ತದೆ, ಏಕೆಂದರೆ ಆನೆಯ ಮೇಲಿಂದ ಗಜ ಜಾರಿಬಿದ್ದರೆ ಇಳಿದು ಎತ್ತಿಕೊಳ್ಳುವಂತಿಲ್ಲ.

ಎರಡನೆಯದು ಪರೀಕ್ಷೆಯ ಮುದ್ರೆ. ಬ್ರಿಟನ್ನಿನಲ್ಲಿ ಮಾಡಿದ ಪ್ರತಿ ನಳಿಗೆಗೂ ಲಂಡನ್ನಿನ ಅಥವಾ 1813ರಲ್ಲಿ ಆರಂಭವಾದ ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯದ ಕಿರೀಟದ ಮುದ್ರೆ ಇರಬೇಕು. ಲೀಜಿನವಾದರೆ ಮೊಟ್ಟೆಯಾಕಾರದೊಳಗೆ ‘ಇ ಎಲ್ ಜಿ’ ಅಕ್ಷರಗಳಿರುತ್ತವೆ. ವಾಯವ್ಯ ಗಡಿಯ ದರ್ರಾ ಕಡೆಯ ಕಮ್ಮಾರರ ಮಾಲಿನಲ್ಲಿ ಕಿರೀಟವೂ ಇರುತ್ತದೆ, ಹೆಸರೂ ಇರುತ್ತದೆ, ಆದರೆ ಅಕ್ಷರ ಬಾರದವನು ನೋಡಿ ಬರೆದಂತೆ ಒಂದೆರಡು ಅಕ್ಷರ ತಿರುಗುಮುರುಗಾಗಿರುತ್ತದೆ. ಇಟಲಿಯ ಪೆಡರ್ಸೋಲಿ ಕಂಪನಿ ಇವತ್ತಿಗೂ ಇಂಥ ಪಿಸ್ತೂಲನ್ನು ಹೊಸದಾಗಿ ಮಾಡುತ್ತದೆ. ಅವು ಮೋಸದ ಮಾಲಲ್ಲ, ಆದರೆ ಕಿಡಿಗೇಡಿಗಳು ಅದರ ಗುರುತು ಅಳಿಸಿ ಹಳತೆಂದು ಮಾರುವುದುಂಟು.

ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು. ನೂರು ವರ್ಷ ದಾಟಿದ್ದಕ್ಕೆ ಲೈಸೆನ್ಸ್ ಬೇಡ ಅಂತಾರೆ, ನಿಜವೇ?

ಅಪಾಯಕಾರಿಯಾದ ಅರ್ಧ ಸತ್ಯ ಇದು. 1959ರ ಕಾಯ್ದೆಯ 45ನೆಯ ಕಲಮು ಹಳೆಯ ಮಾದರಿಯ, ಪ್ರಾಚ್ಯ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಕೊಡುವುದು ನಿಜ; ಆದರೆ ಅದನ್ನು ದುರಸ್ತಿ ಮಾಡಿಯಾಗಲಿ ಮಾಡದೆಯಾಗಲಿ ಕೋವಿಯಾಗಿ ಬಳಸಲು ಬರಬಾರದು ಎಂಬ ಷರತ್ತು ಅದೇ ವಾಕ್ಯದಲ್ಲಿದೆ. ಸ್ಪ್ರಿಂಗು ಸರಿಯಿರುವ ಹೌದಾ ಪಿಸ್ತೂಲು ಎಷ್ಟೇ ಹಳೆಯದಾದರೂ ಆ ಷರತ್ತನ್ನು ದಾಟುವುದಿಲ್ಲ. ಹಾಗಾಗಿ ಸಿಕ್ಕಿದ ಕೂಡಲೇ ಠಾಣೆಗೆ ಲಿಖಿತವಾಗಿ ತಿಳಿಸಿ, ಅಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿಯಿಟ್ಟು, ಆಮೇಲೆ ಪರವಾನಗಿಯ ಮಾತು ಎತ್ತುವುದು ಸರಿಯಾದ ಕ್ರಮ. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳು ಮೂರರಿಂದ ಎರಡಕ್ಕೆ ಇಳಿದಿವೆ ಎಂಬುದೂ ನೆನಪಿರಲಿ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ ಅವರಿಗೆ ಮಾತ್ರ ಸಲ್ಲುವಂಥದ್ದು, ಪಕ್ಕದ ಹಾಸನದವರು ಅದನ್ನು ತೋರಿಸುವಂತಿಲ್ಲ. ವಿದೇಶಕ್ಕೆ ಕಳಿಸುವ ಯೋಚನೆಯಿದ್ದರೆ 1972ರ ಪ್ರಾಚ್ಯವಸ್ತು ಕಾಯ್ದೆ ಎದುರಾಗುತ್ತದೆ. ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

ತುಕ್ಕು ಹಿಡಿದಿದೆ, ಉಜ್ಜಿ ಹೊಳಪು ಮಾಡಲೇ?

ದಯವಿಟ್ಟು ಮಾಡಬೇಡಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಇಪ್ಪತ್ತು ವರ್ಷದ ಹಿಂದೆ ಸ್ನೇಹಿತರೊಬ್ಬರು ನಂಬಿ ಕೈಗಿತ್ತ ನಳಿಗೆಯೊಂದನ್ನು ನಾನು ಪಾತ್ರೆ ತಿಕ್ಕುವ ಉಕ್ಕಿನ ನಾರಿನಿಂದ ಉಜ್ಜಿದೆ. ತುಕ್ಕು ಹೋಯಿತು, ಅದರ ಜೊತೆಗೆ ಕಂದು ಬಣ್ಣವೂ ಡಮಾಸ್ಕಸ್ ಗೆರೆಯೂ ಹೋಗಿ, ಸಂಜೆಯ ಹೊತ್ತಿಗೆ ನನ್ನ ಕೈಯಲ್ಲಿದ್ದದ್ದು ನಲ್ಲಿಯ ಕೊಳವೆಯಂಥ ಬಿಳಿಯ ಕಬ್ಬಿಣ. ಸ್ನೇಹಿತರು ಏನೂ ಅನ್ನಲಿಲ್ಲ, ಅದೇ ಹೆಚ್ಚು ನೋಯಿಸಿತು. ಹೊಲಿಗೆ ಯಂತ್ರದ ಎಣ್ಣೆಯನ್ನು ಮೆತ್ತನೆಯ ಹತ್ತಿ ಬಟ್ಟೆಗೆ ಹಾಕಿ ಒರಸಿ, ಸಡಿಲವಾದ ಕೆಂಪು ತುಕ್ಕು ಎಷ್ಟು ಬರುತ್ತದೋ ಅಷ್ಟನ್ನೇ ತೆಗೆಯಿರಿ. ಮಲೆನಾಡಿನ ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ. ಚರ್ಮ ನೀರನ್ನು ಹೀರಿ, ಹದ ಮಾಡಿದ ಆಮ್ಲವನ್ನು ಕಬ್ಬಿಣಕ್ಕೆ ಬಿಡುತ್ತದೆ.

ಒಂದು ಸಲ ಹಾರಿಸಿ ನೋಡಬಹುದೇ?

ಬೇಡ. ಈ ನಳಿಗೆಗಳು ಕರಿಮದ್ದಿನ ಒತ್ತಡಕ್ಕೆ ಮಾಡಿದವು; ಇಂದಿನ ಹೊಗೆರಹಿತ ಮದ್ದಿನ ಒತ್ತಡ ಅದಕ್ಕಿಂತ ಬಹಳ ಹೆಚ್ಚು. ಸುರುಳಿ ಬೆಸುಗೆಯ ಸಂದಿನಲ್ಲಿ ತುಕ್ಕು ಎಷ್ಟು ಆಳಕ್ಕೆ ಹೋಗಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ.

ಹಾರಿಸುವ ಆಸೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ಅದರಲ್ಲಿ ಈಗಾಗಲೇ ಈಡು ಇದೆಯೇ ಎಂಬುದು. ಕೇಪಿನ ಕೋವಿಯಲ್ಲಿ ತುಂಬಿದ ಮದ್ದು ತೇವ ತಾಗದಿದ್ದರೆ ಹತ್ತಾರು ವರ್ಷ ಕೆಡದೆ ಇರುತ್ತದೆ, ಮತ್ತು ಆಪತ್ತಿಗೆಂದು ಇಟ್ಟುಕೊಂಡ ಪಿಸ್ತೂಲು ತುಂಬಿದ ಸ್ಥಿತಿಯಲ್ಲೇ ಪೆಟ್ಟಿಗೆ ಸೇರುವುದು ಸಹಜ. ಕುದುರೆಯನ್ನು ಮುಟ್ಟದೆ, ಮೂತಿಯನ್ನು ಯಾರ ಕಡೆಗೂ ಹಿಡಿಯದೆ, ತೆಳುವಾದ ಮರದ ಕಡ್ಡಿಯನ್ನು ಮೆಲ್ಲಗೆ ನಳಿಗೆಯೊಳಗೆ ಇಳಿಬಿಟ್ಟು, ಮೂತಿಯ ಬಳಿ ಅದಕ್ಕೆ ಗುರುತು ಹಾಕಿ, ಹೊರತೆಗೆದು ನಳಿಗೆಯ ಮಗ್ಗುಲಿಗೆ ಹಿಡಿದು ನೋಡಿ. ಕಡ್ಡಿಯ ತುದಿ ಕೇಪು ಕೂರುವ ಜಾಗವನ್ನು ಮುಟ್ಟದೆ ಮೂತಿಯ ಕಡೆಗೆ ಎರಡು ಬೆರಳು ಈಚೆಗೇ ನಿಂತರೆ ಒಳಗೆ ಏನೋ ಇದೆ ಎಂದರ್ಥ. ಅಗೆದು ತೆಗೆಯಲು ಹೋಗದೆ ಪರವಾನಗಿಯುಳ್ಳ ಕೋವಿ ಕೆಲಸದವರಿಗೆ ಒಪ್ಪಿಸಿ. ಎರಡು ನಳಿಗೆಯನ್ನೂ ಬೇರೆಬೇರೆಯಾಗಿ ಅಳೆಯಬೇಕು.

ಇಷ್ಟು ಉಪಯೋಗದ್ದಾಗಿದ್ದರೆ ಇದರ ಕಾಲ ಯಾಕೆ ಮುಗಿಯಿತು?

ಕೇಪಿನ ರಿವಾಲ್ವರಿನ ದೋಷಗಳೇ ಇದಕ್ಕೆ ಜೀವ ಕೊಟ್ಟಿದ್ದವು. ಲೋಹದ ತೋಟಾ ಬಂದು ಆ ದೋಷಗಳು ನೀಗಿದ ಮೇಲೆ ಇದಕ್ಕೆ ಕಾರಣ ಉಳಿಯಲಿಲ್ಲ. 1887ರಲ್ಲಿ ಬ್ರಿಟಿಷ್ ಸೇನೆಗೆ ಬಂದ ವೆಬ್ಲಿ ರಿವಾಲ್ವರು .455 ಅಂಗುಲದ ಆರು ಗುಂಡುಗಳನ್ನು ಸಿಕ್ಕಿಕೊಳ್ಳದೆ ಹಾರಿಸುತ್ತಿತ್ತು, ಒಮ್ಮೆ ಕೀಲಿನಲ್ಲಿ ಮಡಚಿ ಬಗ್ಗಿಸಿದರೆ ಖಾಲಿ ತೋಟಾಗಳೆಲ್ಲ ಒಟ್ಟಿಗೆ ಹೊರಬೀಳುತ್ತಿದ್ದವು. ಅದೇ ದಶಕದಲ್ಲಿ ಬಂದ ಹೊಗೆರಹಿತ ಮದ್ದಿನಿಂದ ಹೆಗಲ ಕೋವಿಗಳು ಎಷ್ಟು ಬಲಗೊಂಡವೆಂದರೆ ಗಾಯಗೊಂಡ ಹುಲಿ ಆನೆಯವರೆಗೆ ಬರುವ ಸಂದರ್ಭವೇ ವಿರಳವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಹುಲಿಗಳೂ ವಿರಳವಾದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಹುಲಿ ಬೇಟೆಯೇ ನಿಂತಿತು. ಮರುವರ್ಷ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಈಗಲೂ ಊರಿಗೆ ನುಗ್ಗಿದ ಹುಲಿಯನ್ನು ಹಿಡಿಯಲು ಅರಣ್ಯ ಇಲಾಖೆಯವರು ಸಾಕಿದ ಆನೆಗಳ ಮೇಲೆ ಹೋಗುತ್ತಾರೆ. ಹಿಂದೆ ಕೂತವರ ಕೈಯಲ್ಲಿ ಅರಿವಳಿಕೆಯ ಕೋವಿ ಇರುತ್ತದೆ. ಕತ್ತಿನ ಮೇಲೆ ಕೂತ ಮಾವುತನ ಕೈಯಲ್ಲಿ ಅಂದಿನಂತೆಯೇ ಅಂಕುಶ.